ಅಕ್ಕನ ಎರಡು ರಿಂಗು

ಪಾಂಡುವಿನ ಅಕ್ಕ ಸಣ್ಣಿಗೆ ಫೋನಿನಲ್ಲಿ ಮಾತಾಡಿ ಅಭ್ಯಾಸವೇ ಇರಲಿಲ್ಲ. ಅಘನಾಶಿನಿ ಹೊಳೆಯಲ್ಲಿ ನಲವತ್ತೆಂಟು ವರ್ಷ ಮುಳುಗು ಹೊಡೆದು ಬಳಚು ಎಂಬ ಚಿಪ್ಪುಮೀನು ತೆಗೆದವಳು. ನೀರು ಹೊಕ್ಕು ಹೊಕ್ಕು ಎರಡೂ ಕಿವಿ ಮಂದವಾಗಿದ್ದವು. ಎದುರು ನಿಂತು ಗಂಟಲು ಹರಿಯುವಂತೆ ಕೂಗಿದರೆ ಅರ್ಧ ಕೇಳುತ್ತಿತ್ತು, ಉಳಿದರ್ಧವನ್ನು ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳು. ಅಂಥವಳಿಗೆ ಫೋನು ಯಾಕೆ ಎಂದು ಯಾರಾದರೂ ಕೇಳಿದರೆ ಪಾಂಡು ಹೇಳುತ್ತಿದ್ದ: "ಮಾತಾಡೂಕಲ್ಲ ಮಾರಾಯಾ, ರಿಂಗ್ ಮಾಡೂಕೆ."

ಅಕ್ಕ ತಮ್ಮನ ನಡುವೆ ಹನ್ನೆರಡು ವರ್ಷದಿಂದ ಒಂದು ಕಟ್ಟಳೆ ನಡೆದು ಬಂದಿತ್ತು. ಒಂದು ರಿಂಗು ಬಂದು ನಿಂತರೆ, ನೀರಿನಿಂದ ಮೇಲೆ ಬಂದೆ, ಸುಖವಾಗಿದ್ದೇನೆ ಎಂದು. ಅದರ ಬೆನ್ನಿಗೇ ಇನ್ನೊಂದು ಬಂದರೆ, ಗಾಡಿ ತಾ ಎಂದು. ಗಾಡಿ ಎಂದರೆ ಪಾಂಡುವಿನ ಮೂರು ಗಾಲಿಯ ಲಗೇಜ್ ರಿಕ್ಷಾ. ಬಾಡ ಎಂಬ ಊರಿನ ಅವನ ಮನೆಯಿಂದ ಅಘನಾಶಿನಿಯ ದಂಡೆಗೆ ಹೆಚ್ಚೆಂದರೆ ಆರು ಕಿಲೋಮೀಟರ್. ಹೋಗಿ ಅಕ್ಕನನ್ನೂ ಬಳಚಿನ ಚೀಲಗಳನ್ನೂ ಹೇರಿಕೊಂಡು ಕುಮಟೆಯ ಮೀನುಪೇಟೆಗೆ ಬಿಡುತ್ತಿದ್ದ. ಅವನ ಕಡೆಯ ಉತ್ತರವೂ ಅಷ್ಟೇ ಸರಳ. ಬರುವುದಾದರೆ ಫೋನ್ ಮುಟ್ಟದೆ ಹೊರಟು ಬರುವುದು. ಬರಲಾಗದಿದ್ದರೆ ಮಾತ್ರ ಎರಡನೇ ರಿಂಗಿಗೆ ಫೋನ್ ಎತ್ತಿ ಕಟ್ ಮಾಡುವುದು. ಅಕ್ಕನ ಗುಂಡಿಫೋನಿನ ಪುಟ್ಟ ಪರದೆಯಲ್ಲಿ ಸೆಕೆಂಡುಗಳು ಓಡಿ ನಿಂತರೆ ಅವಳಿಗೆ ತಿಳಿಯುತ್ತಿತ್ತು: ತಮ್ಮ ಬರುವುದಿಲ್ಲ, ಕಾಯುವುದು ಬೇಡ.

ಹಾಗೆ ಅವನು ಎತ್ತಿ ಕಟ್ ಮಾಡಿದ್ದು ಹನ್ನೆರಡು ವರ್ಷದಲ್ಲಿ ಮೂರೇ ಸಲ. ಒಮ್ಮೆ ಗಾಡಿಯ ಎಂಜಿನ್ ಕೂತಾಗ, ಒಮ್ಮೆ ಹೆಂಡತಿ ದೇವಿಗೆ ಆಪರೇಷನ್ ಆದಾಗ, ಇನ್ನೊಮ್ಮೆ ಹೊನ್ನಾವರದಿಂದ ಬರುವಾಗ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ.

ಮೊದಮೊದಲು ಮಿಸ್ಡ್ ಕಾಲಿಗೆ ದುಡ್ಡು ಕಳೆಯುವುದಿಲ್ಲ ಎಂದು ಶುರುವಾದ ಉಪಾಯ ಇದು. ಈಗ ಯಾರೂ ಕರೆಯ ದುಡ್ಡು ಎಣಿಸುವುದಿಲ್ಲ. ಆದರೂ ಕಟ್ಟಳೆ ಉಳಿಯಿತು. ಪಾಂಡುವಿಗೆ ಅದರ ಬೇರು ಎಲ್ಲಿದೆ ಎಂದು ಗೊತ್ತಿತ್ತು. ಅವ್ವ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನಾರು. ಅಕ್ಕ ಅವನನ್ನು ದಂಡೆಯ ಮೇಲೆ ಕೂರಿಸಿ ಹೊಳೆಗೆ ಇಳಿಯುತ್ತಿದ್ದಳು. ಪ್ರತಿ ಸಲ ನೀರಿನಿಂದ ತಲೆ ಎತ್ತಿದಾಗಲೂ "ಕೂ" ಎಂದು ಕೂಗುತ್ತಿದ್ದಳು. ಇವನು ತಿರುಗಿ "ಕೂ" ಎನ್ನಬೇಕು. ಅನ್ನದಿದ್ದರೆ ಮುಳುಗು ಬಿಟ್ಟು ಓಡಿ ಬರುತ್ತಿದ್ದಳು. ಮದುವೆಯಾಗಿ ಮೂರೇ ವರ್ಷಕ್ಕೆ ಗಂಡ ಹೋದ, ಮಕ್ಕಳಾಗಲಿಲ್ಲ. ಅವಳಿಗೆ ಮಗ ಅಂದರೂ ತಮ್ಮ ಅಂದರೂ ಪಾಂಡುವೇ. ದಿನಕ್ಕೊಂದು ಸಲ ಆ ರಿಂಗು ಕೇಳಿದರೆ ಐವತ್ತೆರಡು ವರ್ಷದ ಪಾಂಡುವಿಗೆ ಹೊಟ್ಟೆ ತಣ್ಣಗಾಗುತ್ತಿತ್ತು.

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಸಣ್ಣಿ ಹೊಳೆಯಲ್ಲೇ ತಲೆ ತಿರುಗಿ ಬಿದ್ದಳು. ಮೊಣಕಾಲುದ್ದ ನೀರು, ಪಕ್ಕದಲ್ಲೇ ದೋಣಿಯ ಮಾಬ್ಲ ಇದ್ದ. ಎತ್ತಿ ತಂದು ದಂಡೆಗೆ ಮಲಗಿಸಿದ. ಸುದ್ದಿ ಕೇಳಿ ಪಾಂಡು ಓಡಿ ಬರುವಷ್ಟರಲ್ಲಿ ಅವಳು ಎದ್ದು ಕೂತು ಸೀರೆ ಹಿಂಡುತ್ತ, ಬಿದ್ದು ಹೋದ ಬಳಚಿನ ಬುಟ್ಟಿಯ ಬಗ್ಗೆ ಗೊಣಗುತ್ತಿದ್ದಳು. ಅವನಿಗೆ ಬಂದದ್ದು ಹೆದರಿಕೆ. ಆದರೆ ಬಾಯಿಂದ ಹೊರಟದ್ದು ಸಿಟ್ಟು. ಗಂಡಸರ ಹಣೆಬರಹವೇ ಇಷ್ಟು, ಹೆದರಿಕೆಯನ್ನು ಹೆದರಿಕೆಯಾಗಿ ತೋರಿಸಿ ಗೊತ್ತಿಲ್ಲ.

ಕಿವಿ ಮಂದವಾದವರನ್ನು ಗುಟ್ಟಾಗಿ ಬೈಯಲು ಬರುವುದಿಲ್ಲ. ಅವಳಿಗೆ ಕೇಳಲೆಂದು ಪಾಂಡು ಕೂಗಿದ, ಇಡೀ ದಂಡೆಗೇ ಕೇಳಿತು.

"ಇನ್ನೊಂದ್ ಸಲ ಹೊಳೆಗೆ ಇಳಿದ್ರೆ ನಾ ಗಾಡಿ ತರೂದಿಲ್ಲ! ಎಷ್ಟ್ ರಿಂಗ್ ಮಾಡಿದ್ರೂ ಬರೂದಿಲ್ಲ! ತಿಳೀತಾ?"

ಬಳಚು ಆರಿಸುತ್ತಿದ್ದ ಹೆಂಗಸರೆಲ್ಲ ತಲೆ ಎತ್ತಿ ನೋಡಿದರು. ಸಣ್ಣಿ ತಮ್ಮನ ತುಟಿಯನ್ನು ಕಡೇ ತನಕ ನೋಡಿ, "ಆತು ತಮ್ಮಾ. ಕೂಗಬೇಡ, ಕೇಳ್ತು" ಎಂದಳು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆದರೆ ಪಾಂಡುವಿಗೆ ಆ ಹೊತ್ತಿಗೆ ಹಾಗೆಲ್ಲ ಅನಿಸಲಿಲ್ಲ. ಅಕ್ಕನನ್ನು ಮನೆ ತನಕ ನಡೆಸಿಕೊಂಡು ಹೋಗುವಾಗ ಕೆಸರಲ್ಲಿ ಕಾಲು ಜಾರಿತು. ಅಂಗಿಯ ಜೇಬಿನಲ್ಲಿದ್ದ ಹಳೇ ಗುಂಡಿಫೋನು ಉಪ್ಪುನೀರಿಗೆ ಬಿತ್ತು. ಎತ್ತಿ ಒರೆಸಿ, ಬಿಸಿಲಿಗಿಟ್ಟು, ಅಕ್ಕಿ ಡಬ್ಬದಲ್ಲಿ ಹುಗಿದು ನೋಡಿದ. ಅದು ಮತ್ತೆ ಉಸಿರೆತ್ತಲಿಲ್ಲ.

ಮಗಳು ಅಂಕಿತಾ ಹೊನ್ನಾವರದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಎರಡು ದಿನ ಬಿಟ್ಟು ಸಂಜೆ ಬಸ್ಸಿಳಿದು ಬರುವಾಗ ಅಪ್ಪನಿಗೆಂದು ಅಂಗೈಗಿಂತ ದೊಡ್ಡ ಹೊಸ ಫೋನು ತಂದಳು. ಹಳೇ ಸಿಮ್ ಹಾಕಿ, ಜಗುಲಿಯಲ್ಲಿ ಕೂತು, ಪರದೆಯ ಮೇಲೆ ಬಂದದ್ದಕ್ಕೆಲ್ಲ "ಒಪ್ಪಿದೆ, ಒಪ್ಪಿದೆ" ಎಂದು ಒತ್ತುತ್ತ ಹೋದಳು. ಹದಿನೈದು ಸಲವಾದರೂ ಒತ್ತಿರಬೇಕು.

"ಅಷ್ಟೆಲ್ಲ ಎಂತಕ್ಕೆ ಒಪ್ಪೂದು ಮಗಾ?" ಎಂದು ಪಾಂಡು ಕೇಳಿದ.

"ಒಪ್ಪದಿದ್ರೆ ಅದು ಮುಂದೆ ಹೋಗೂದೇ ಇಲ್ಲ ಅಪ್ಪಾ."

ಹಳೇ ಫೋನಿನಲ್ಲಿದ್ದ ಹೆಸರು ನಂಬರುಗಳೆಲ್ಲ ಅದರ ಜೊತೆಗೇ ಹೋಗಿದ್ದವು. ಅಂಕಿತಾ ತನ್ನದು, ಅವ್ವನದು, ಗ್ಯಾರೇಜಿನದು ಎಂದು ಮೂರು ನಂಬರು ಹಾಕಿಕೊಟ್ಟಳು. "ಅತ್ತೆದು?" ಎಂದು ಕೇಳಿದಳು. "ಅಕ್ಕಂದು ಎಂತಕ್ಕೆ? ಅದು ನಂಗೆ ಬಾಯಿಪಾಠ. ಅವಳ ರಿಂಗು ಬಂದ್ರೆ ನೋಡದೇ ಗೊತ್ತಾಗ್ತದೆ" ಎಂದ ಪಾಂಡು. ಅದರಲ್ಲಿ ಒಂದು ಸಣ್ಣ ಜಂಬವೂ ಇತ್ತು.

ಆ ಫೋನು ಬಂದ ಮೇಲೆ ಪಾಂಡುವಿನ ನೆಮ್ಮದಿ ಹೋಯಿತು. ಫೋನು ಎಂದರೆ ಕರೆ ಬಂದರೆ ಹೊಡೆದುಕೊಳ್ಳುವ, ಇಲ್ಲದಿದ್ದರೆ ತೆಪ್ಪಗಿರುವ ವಸ್ತು ಎಂದು ಅವನು ತಿಳಿದಿದ್ದ. ಇದು ಹೆಣ್ಣು ಕೊಟ್ಟ ಮಾವನ ಹಾಗೆ ಎಲ್ಲದಕ್ಕೂ ಬಾಯಿ ಹಾಕುತ್ತಿತ್ತು. ರಸ್ತೆಗೆ ಅಡ್ಡ ಬಂದವರಿಗೆ "ಹೋಯ್!" ಎಂದರೆ ಜೇಬಿನೊಳಗಿಂದ ಒಂದು ಹುಡುಗಿಯ ಧ್ವನಿ, "ಹೇಳಿ, ನಾನು ಕೇಳಿಸಿಕೊಳ್ಳುತ್ತಿದ್ದೇನೆ" ಎನ್ನುತ್ತಿತ್ತು. ದಿನವಿಡೀ ಗಾಡಿ ಓಡಿಸುವವನಿಗೆ, "ನೀವು ಇಂದು ಕಡಿಮೆ ನಡೆದಿದ್ದೀರಿ" ಎಂದು ಬುದ್ಧಿ ಹೇಳುತ್ತಿತ್ತು. ದೇವಿಯ ಫೋಟೋ ತೆಗೆದರೆ ಅವಳ ಗಲ್ಲದ ಕಪ್ಪು ಮಚ್ಚೆ ಅಳಿಸಿ, ಮೈಬಣ್ಣ ತಿಳಿ ಮಾಡಿ, ಯಾರೋ ಪೇಟೆಯ ಹೆಂಗಸನ್ನು ತಂದು ನಿಲ್ಲಿಸುತ್ತಿತ್ತು. "ಇದ್ಯಾರು ಇದು?" ಎಂದು ದೇವಿ ನಕ್ಕಳು, ಆಮೇಲೆ ಸ್ವಲ್ಪ ಬೇಜಾರೂ ಮಾಡಿಕೊಂಡಳು. ಸತ್ತವರ ಸುದ್ದಿ ಬಂದರೆ ಉತ್ತರ ಹೀಗೆ ಕಳಿಸಿ ಎಂದು ಹೆಬ್ಬೆಟ್ಟಿನ ಚಿತ್ರ ಮುಂದಿಡುತ್ತಿತ್ತು. "ನಿನ್ನ ಯಾರು ಕೇಳಿದ್ರೇ?" ಎಂದು ಪಾಂಡು ಅದಕ್ಕೆ ಬೈದರೆ, "ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ" ಎಂದು ಅದೇ ನಯದಲ್ಲಿ ಹೇಳುತ್ತಿತ್ತು. ಬೈಗುಳ ನಾಟದವರ ಜೊತೆ ಜಗಳವಾಡುವುದು ಹೇಗೆ?

ಒಂದೇ ಒಂದು ವಿಷಯಕ್ಕೆ ಅವನು ಆ ಫೋನನ್ನು ಮೆಚ್ಚಿದ. ಸೈಟು ಬೇಕಾ, ವಿಮೆ ಬೇಕಾ ಎಂದು ದಿನಕ್ಕೆ ಹತ್ತು ಸಲ ತಲೆ ತಿನ್ನುತ್ತಿದ್ದವರ ಕರೆಗಳು ಒಮ್ಮೆಲೇ ನಿಂತು ಹೋಗಿದ್ದವು. ಹೇಗೆ ನಿಂತವು ಎಂದು ಅವನು ಕೇಳಲಿಲ್ಲ. ಒಳ್ಳೆಯದಾದಾಗ ಯಾರು ತಾನೇ ಕಾರಣ ಕೇಳುತ್ತಾರೆ?

ಅವುಗಳ ಜೊತೆ ಅಕ್ಕನ ರಿಂಗೂ ನಿಂತಿತ್ತು.

ಮೊದಲ ದಿನ, ಸಿಟ್ಟು ಮಾಡಿಕೊಂಡಿದ್ದಾಳೆ ಎಂದುಕೊಂಡ. ಎರಡನೇ ದಿನ, ಹೊಳೆಗೆ ಹೋಗುವುದನ್ನು ಬಿಟ್ಟಳೇನೋ ಎಂದು ಸಮಾಧಾನಪಟ್ಟ. ಹೋಗದಿದ್ದರೆ ಮೇಲೆ ಬಂದೆ ಎಂದು ಹೇಳುವ ಅಗತ್ಯವೂ ಇಲ್ಲವಲ್ಲ. ಮೂರನೇ ದಿನಕ್ಕೆ ಅವನಿಗೇ ಸಿಟ್ಟು ಬಂತು. ಅವಳ ಒಳ್ಳೆಯದಕ್ಕೇ ಹೇಳಿದ ಮಾತಿಗೆ ಇಷ್ಟು ಬಿಗುಮಾನವೇ? ನೀರು ಇಳಿಯುವ ಹೊತ್ತಿಗೆ ಎಲ್ಲಿದ್ದರೂ ಅವನ ಕೈ ಜೇಬಿಗೆ ಹೋಗುತ್ತಿತ್ತು. ಫೋನು ತೆಗೆದು ನೋಡುತ್ತಿದ್ದ. ಅದು ಬೆಳಗಿ, ಇವತ್ತು ಕುಮಟೆಯಲ್ಲಿ ಸೆಕೆ ಜಾಸ್ತಿ ಎಂದು ಹೇಳುತ್ತಿತ್ತು.

"ಒಂದ್ ಸಲ ಹೋಗಿ ಬನ್ನಿ. ಆರು ಕಿಲೋಮೀಟರ್ ಎಂತ ದೂರ?" ಎಂದಳು ದೇವಿ, ಐದನೇ ದಿನ.

"ಅವಳೇ ಮೊದ್ಲು ರಿಂಗ್ ಮಾಡ್ಲಿ. ನಾ ಎಂತ ತಪ್ಪು ಹೇಳಿದ್ದೆ?"

"ನೀವಿಬ್ರೂ ಒಂದೇ ಹೊಟ್ಟೇಲಿ ಹುಟ್ದವ್ರು ಅಂತ ಬೇರೆ ಸಾಕ್ಷಿ ಬೇಡ" ಎಂದು ದೇವಿ ಒಳಗೆ ಹೋದಳು.

ಆ ವಾರ ಕುಮಟೆಯ ಮೀನುಪೇಟೆಯಲ್ಲಿ ವ್ಯಾಪಾರಿ ನಾರಾಯಣ ಸಿಕ್ಕಿ, ಎಲ್ಲರೆದುರು ತಮಾಷೆ ಮಾಡಿದ. "ದೊಡ್ಡ ಮನುಷ್ಯ ಆದ್ಯಲೋ ಪಾಂಡು! ಫೋನ್ ಎತ್ತೂಕೆ ಹೆಣ್ಣು ಇಟ್ಟಿದ್ಯಲ್ಲ! ನೀವು ಯಾರು, ಎಂತಕ್ಕೆ ಫೋನ್ ಮಾಡಿದ್ರಿ ಅಂತ ಕೇಳ್ತದೆ. ನಾರಾಯಣ, ಮೀನಿನ ವಿಷಯ ಅಂದ ಮೇಲೇ ನಿಂಗೆ ಕೊಟ್ಟಿದ್ದು." ಸುತ್ತಲಿದ್ದವರು ನಕ್ಕರು, ಪಾಂಡುವೂ ನಕ್ಕ. ನಾರಾಯಣನ ಮಾತಿನಲ್ಲಿ ಹತ್ತಕ್ಕೆ ಎಂಟು ಸುಳ್ಳು, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆ ನಗೆಯನ್ನು ನೆನೆದು ಪಾಂಡು ಆಮೇಲೆ ಎಷ್ಟು ಸಲ ಹಲ್ಲು ಕಚ್ಚಿದನೋ ಲೆಕ್ಕವಿಲ್ಲ.

ಹತ್ತನೇ ದಿನ ಭಾನುವಾರ. ಬೆಳಗಿನ ತಿಂಡಿಯ ಹೊತ್ತಿಗೆ ಮಾಬ್ಲ ಯಾರದೋ ಬೈಕಿನಲ್ಲಿ ಬಂದ. ಅಂಗಳದಲ್ಲೇ ನಿಂತ, ಜಗುಲಿ ಹತ್ತಲಿಲ್ಲ.

"ನಿನ್ನಕ್ಕನ್ನ ಕುಮಟೆ ಆಸ್ಪತ್ರೆಗೆ ಸೇರ್ಸಿ ಬಂದೆ" ಎಂದ. "ಮೂರು ದಿನದ ಹಿಂದೆ ಕಾಲಿಗೆ ಒಡೆದ ಚಿಪ್ಪು ಕೊಯ್ದಿತ್ತು. ನಿನ್ನಕ್ಕ ಅರಿಶಿನ ಹಾಕಿ ಕಟ್ಕಂಡು ಕೂತಿತ್ತು. ಬೆಳಿಗ್ಗೆ ಹೋಗಿ ನೋಡಿದ್ರೆ ತೊಡೆ ತನಕ ಬಾವು, ಮೈ ಕೆಂಡ. ನಂಜು ಮೈಗೆಲ್ಲ ಏರಿದೆ ಅಂದ್ರು ಡಾಕ್ಟ್ರು."

ಪಾಂಡುವಿನ ಕೈಯ ದೋಸೆ ಕೈಯಲ್ಲೇ ಉಳಿಯಿತು. "ನಂಗೆ ಒಂದ್ ಮಾತು ಹೇಳಬೇಕಲ್ಲನಾ?"

ಮಾಬ್ಲ ಅವನನ್ನು ಮೇಲಿಂದ ಕೆಳಗೆ ನೋಡಿದ. "ನಿಂಗೆ ಹೇಳೂದಾ? ಅದು ರಿಂಗ್ ಮಾಡಿದ್ದು ನಾನೇ ಕಣ್ಣಾರೆ ಕಂಡಿದ್ದೆ. ದಿನಾ ಮಾಡ್ತಿತ್ತು. ನೀ ಎತ್ತೂದು, ಕಟ್ ಮಾಡೂದು. ಎತ್ತೂದು, ಕಟ್ ಮಾಡೂದು. ಹೇಳಿದ್ ಮಾತು ನಡೆಸೂ ಮನ್ಷ್ಯ ಹೌದು ಮಾರಾಯಾ ನೀನು. ನಾ ನನ್ ಫೋನಿಂದ ಮಾಡ್ತೆ ಅಂದೆ. ಬೇಡ, ಅವಂಗೆ ಬರೂಕೆ ಮನಸ್ಸಿಲ್ಲ, ಒತ್ತಾಯ ಮಾಡಬೇಡ ಅಂತು."

"ನಾ ಎತ್ತಲೇ ಇಲ್ಲ! ಒಂದ್ ರಿಂಗೂ ಬರಲಿಲ್ಲ!"

ಮಾಬ್ಲ ಬೈಕು ತಿರುಗಿಸಿಕೊಂಡು ಹೊರಟು ಹೋದ.

ಅಂಕಿತಾ ಒಳಗಿಂದ ಓಡಿ ಬಂದು ಅಪ್ಪನ ಫೋನ್ ತೆಗೆದುಕೊಂಡಳು. ಎಲ್ಲೆಲ್ಲೋ ಒತ್ತಿ, ಪಾಂಡು ಯಾವತ್ತೂ ಕಾಣದ ಒಂದು ಪುಟ ತೆರೆದಳು. ಅಲ್ಲಿ ಅಕ್ಕನ ನಂಬರು ಒಂದರ ಕೆಳಗೊಂದು ಹದಿಮೂರು ಸಲ ಇತ್ತು. ಪ್ರತಿಯೊಂದರ ಪಕ್ಕದಲ್ಲೂ ಒಂದೇ ಬರಹ: "ಅನಗತ್ಯ ಕರೆ ಎಂಬ ಶಂಕೆ. ನಿಮ್ಮ ಪರವಾಗಿ ಸಹಾಯಕಿ ಉತ್ತರಿಸಿದ್ದಾಳೆ."

ಅಂಕಿತಾ ಬಿಡಿಸಿ ಹೇಳಿದಳು. ಹೆಸರು ಹಾಕಿರದ ನಂಬರಿನಿಂದ ಕರೆ ಬಂದರೆ ಫೋನು ಹೊಡೆದುಕೊಳ್ಳುವ ಮೊದಲೇ ಆ ಹುಡುಗಿಯ ಧ್ವನಿ ಎತ್ತಿಕೊಳ್ಳುತ್ತದೆ. ಯಾರು, ಯಾಕೆ ಎಂದು ಕೇಳುತ್ತದೆ. ಉತ್ತರ ಬಾರದಿದ್ದರೆ ತಾನೇ ಕಟ್ ಮಾಡುತ್ತದೆ. ಹಾಗೆ ಉತ್ತರವಿಲ್ಲದ ಕರೆ ದಿನಾ ಬಂದರೆ ಮೋಸದವರದು ಎಂದು ತಿಳಿಯುತ್ತದೆ. "ಅವತ್ತು ನಾನೇ ಒಪ್ಪಿದೆ ಅಂತ ಒತ್ತಿದ್ದೆ ಅಪ್ಪಾ" ಎಂದು ಅಳತೊಡಗಿದಳು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಯನ್ನು ನೇಮಿಸಿದ್ದು ಯಾರು, ಅವನು ಬಾಗಿಲಲ್ಲಿ ನಿಂತದ್ದು ಯಾವಾಗ ಎನ್ನುವುದೇ ಮನೆಯವರಿಗೆ ಗೊತ್ತಿರಲಿಲ್ಲ. ಎತ್ತುವುದು, ಕಟ್ ಮಾಡುವುದು. ಅಕ್ಕ ತಮ್ಮ ಇಬ್ಬರೇ ತಿಳಿದಿದ್ದ ಭಾಷೆಯಲ್ಲಿ ಆ ಯಂತ್ರ ಹದಿಮೂರು ಸಲ ಅಕ್ಕನಿಗೆ ಹೇಳಿತ್ತು, ನಾನು ಬರುವುದಿಲ್ಲ ಎಂದು.

ದೇವಿಯನ್ನು ಪಕ್ಕದಲ್ಲಿ, ಮಗಳನ್ನು ಹಿಂದೆ ಕೂರಿಸಿಕೊಂಡು ಪಾಂಡು ಕುಮಟೆಗೆ ಗಾಡಿ ಹೊಡೆದ. ಅಷ್ಟು ಜೋರಾಗಿ ಅವನು ಯಾವತ್ತೂ ಓಡಿಸಿರಲಿಲ್ಲ. ದಾರಿಯುದ್ದಕ್ಕೂ ಅಂಕಿತಾ ಫೋನು ಹಿಡಿದು ಏನೇನೋ ತಿದ್ದುತ್ತಿದ್ದಳು. ಆ ಸಹಾಯಕಿಯನ್ನು ಹುಡುಕಿ ಬಂದ್ ಮಾಡಿದಳು, ಅತ್ತೆಯ ನಂಬರಿಗೆ "ಅಕ್ಕ" ಎಂದು ಹೆಸರು ಹಾಕಿದಳು. ಆ ಹೊತ್ತಿಗೆ ಅವಳಿಗೆ ಮಾಡಲು ತೋಚಿದ ಪ್ರಾಯಶ್ಚಿತ್ತ ಅಷ್ಟೇ.

ಹೆಂಗಸರ ವಾರ್ಡಿನಲ್ಲಿ ಕಿಟಕಿ ಪಕ್ಕದ ಮಂಚದ ಮೇಲೆ ಸಣ್ಣಿ ಮಲಗಿದ್ದಳು. ಕೈಗೆ ಸೂಜಿ, ಕಾಲಿಗೆ ದಪ್ಪ ಪಟ್ಟಿ. ನಿತ್ಯ ಬಿಸಿಲು ಉಪ್ಪುನೀರಲ್ಲಿ ಬೆಂದ ಮುಖ ಮೂರೇ ದಿನದಲ್ಲಿ ಬೂದಿ ಬಣ್ಣಕ್ಕೆ ತಿರುಗಿತ್ತು. ತಮ್ಮನನ್ನು ಕಂಡು ಮೊದಲು ನಕ್ಕಳು, ಆಮೇಲೆ ಆಶ್ಚರ್ಯದಿಂದ ಕೇಳಿದಳು.

"ಬಂದ್ಯಾ? ಬರೂಕಾಗ್ತಿಲ್ಲ ಹೇಳಿದ್ಯಲ್ಲ?"

ಪಾಂಡು ಮಂಚದ ಅಂಚಿಗೆ ಕೂತು ಅವಳ ಮುಖದ ಹತ್ತಿರ ಬಾಗಿದ. "ನಾ ಎತ್ತಲಿಲ್ಲ ಅಕ್ಕಾ."

ಅವಳಿಗೆ ಕೇಳಲಿಲ್ಲ. ಜ್ವರಕ್ಕೆ ಕಣ್ಣು ಮಂಜಾಗಿತ್ತು, ತುಟಿಯೂ ಸರಿಯಾಗಿ ಕಾಣುತ್ತಿರಲಿಲ್ಲವೋ ಏನೋ. ಅವನು ಕೂಗಬೇಕಾಯಿತು. ಅವತ್ತು ದಂಡೆಯಲ್ಲಿ ಕೂಗಿದ ಹಾಗೆಯೇ, ವಾರ್ಡಿಗೆಲ್ಲ ಕೇಳುವಂತೆ.

"ನಾ ಎತ್ತಲಿಲ್ಲ! ಫೋನೇ ಎತ್ತಿದ್ದು! ಈ ಫೋನು ತಾನೇ ಎತ್ತಿ ತಾನೇ ಕಟ್ ಮಾಡ್ತದೆ! ನಂಗೆ ಗೊತ್ತೇ ಇರಲಿಲ್ಲ!"

ಪಕ್ಕದ ಮಂಚದವರು, ಅವರನ್ನು ನೋಡಲು ಬಂದವರು, ಬಾಗಿಲಲ್ಲಿದ್ದ ನರ್ಸು, ಎಲ್ಲರೂ ತಿರುಗಿದರು. ಹೇಳುತ್ತ ಹೇಳುತ್ತಲೇ ಪಾಂಡುವಿಗೆ ತನ್ನ ಮಾತು ತನಗೇ ಸುಳ್ಳಿನ ಹಾಗೆ ಕೇಳಿಸಿತು. ಶಾಲೆ ತಪ್ಪಿಸಿ ಬಂದ ಹುಡುಗ ಹೇಳುವಂಥ ಸುಳ್ಳು.

ಸಣ್ಣಿ ಹಣೆ ಗಂಟಿಕ್ಕಿ ಕೇಳಿಸಿಕೊಂಡಳು. "ಫೋನು ತಾನೇ ಎತ್ತೂದಾ?" ಎಂದಳು.

"ಹೌದು! ತೋರಿಸ್ತೆ ತಡಿ!"

ಅವಳ ದಿಂಬಿನ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಗುಂಡಿಫೋನನ್ನು ಪಾಂಡು ಹೊರತೆಗೆದ. ಎರಡರ ಗುಂಡಿ ಒತ್ತಿ ಹಿಡಿದರೆ ತಮ್ಮನಿಗೆ ಹೋಗುತ್ತದೆ, ಅದನ್ನು ಅವನೇ ಮಾಡಿಕೊಟ್ಟಿದ್ದ. ಒತ್ತಿದ. ತನ್ನ ದೊಡ್ಡ ಫೋನನ್ನು ಅವಳ ಕಣ್ಣೆದುರು ಹಿಡಿದ. "ಈಗ ನೋಡು! ನಾ ಮುಟ್ಟೂದಿಲ್ಲ, ಅದೇ ಎತ್ತತದೆ ನೋಡು!"

"ಅಪ್ಪಾ, ಬೇಡ, ನಾನದನ್ನ..." ಎಂದು ಅಂಕಿತಾ ಮುಂದೆ ಬಂದಳು. ಅಷ್ಟರಲ್ಲಿ ಫೋನು ಹೊಡೆದುಕೊಳ್ಳತೊಡಗಿತ್ತು.

ಪರದೆ ತುಂಬ ಬೆಳಕು. ನಡುವೆ ದೊಡ್ಡ ಅಕ್ಷರದಲ್ಲಿ "ಅಕ್ಕ". ಒಂದು ರಿಂಗು. ಎರಡು. ಮೂರು. ನಾಲ್ಕು. ಯಾರೂ ಎತ್ತಲಿಲ್ಲ, ಯಾರೂ ಕಟ್ ಮಾಡಲಿಲ್ಲ. ಫೋನು ಅವನ ಅಂಗೈಯಲ್ಲಿ ನಡುಗುತ್ತ, ಹೇಗೆ ಹೊಡೆದುಕೊಳ್ಳಬೇಕೋ ಹಾಗೆ ಕಡೇ ತನಕ ಹೊಡೆದುಕೊಂಡು ನಿಂತಿತು. ಪಾಂಡು ಅದನ್ನು ಹಿಡಿದೇ ಇದ್ದ. ವಾರ್ಡಿನಲ್ಲಿ ಯಾರೋ ಕೆಮ್ಮಿದರು.

ಸಣ್ಣಿ ಬೆಳಕನ್ನು ನೋಡಿದಳು, ಆಮೇಲೆ ತಮ್ಮನ ಮುಖ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಅವನು ಆರೇಳು ವರ್ಷದವನಿದ್ದಾಗ ಬೆಲ್ಲ ಕದ್ದು ತಿಂದು, ಬೆಕ್ಕು ತಿಂದಿತು ಎಂದಾಗ ಅವಳು ನೋಡುತ್ತಿದ್ದ ನೋಟ ಅದು.

"ಆತು ತಮ್ಮಾ, ಆತು" ಎಂದು ಸೂಜಿ ಚುಚ್ಚಿದ ಕೈಯಿಂದಲೇ ಅವನ ಮೊಣಕಾಲು ಸವರಿದಳು. "ನೀ ಮಾಡಿದ್ದೇನೂ ತಪ್ಪಲ್ಲ. ಹೇಳಿದ್ ಮಾತು ಉಳಿಸ್ಕಂಡೆ. ನಾನೇ ಕೇಳಬೇಕಿತ್ತು."

ಅಂಕಿತಾ ಅತ್ತೆಯ ಕಿವಿಗೆ ಬಾಯಿಟ್ಟು ಎಲ್ಲವನ್ನೂ ಮತ್ತೆ ಹೇಳಿದಳು. ಹದಿಮೂರು ಕರೆಗಳ ಪಟ್ಟಿ ತೆಗೆದು ತೋರಿಸಿದಳು. ಸಣ್ಣಿಗೆ ಓದು ಬರುತ್ತಿರಲಿಲ್ಲ. ಪಟ್ಟಿಯನ್ನು ನೋಡಿದ ಹಾಗೆ ಮಾಡಿ, "ಅಪ್ಪನ್ನ ಬಿಟ್ಕೊಡೂದಿಲ್ಲ ಕೂಸು" ಎಂದು ದೇವಿಯ ಕಡೆ ತಿರುಗಿ ನಕ್ಕಳು.

ಆ ಸಂಜೆ ಜ್ವರ ನೆತ್ತಿಗೇರಿ ಅವಳಿಗೆ ಜ್ಞಾನ ತಪ್ಪಿತು. ಪಾಂಡು ಮಂಚ ಬಿಟ್ಟು ಏಳಲಿಲ್ಲ. ಎಚ್ಚರವಾದರೆ ಇನ್ನೊಂದು ಸಲ ಹೇಳೋಣ, ಬೇರೆ ರೀತಿಯಲ್ಲಿ ಹೇಳೋಣ ಎಂದು ಮಾತುಗಳನ್ನು ಹೊಂದಿಸಿಕೊಳ್ಳುತ್ತ ಕೂತ. ಎಚ್ಚರವಾಗಲಿಲ್ಲ. ಮೂರನೇ ದಿನ ಮಧ್ಯಾಹ್ನ, ಹೊಳೆಯ ನೀರು ಇಳಿದು ಹೆಂಗಸರು ಬುಟ್ಟಿ ಹಿಡಿದು ಹೊರಡುವ ಹೊತ್ತಿಗೆ, ಸಣ್ಣಿ ಹೋಗಿಬಿಟ್ಟಳು.

ದಹನಕ್ಕೆ ಬಂದವರಲ್ಲಿ ಯಾರೂ ಪಾಂಡುವಿಗೆ ಕೆಟ್ಟ ಮಾತು ಆಡಲಿಲ್ಲ. ಆಡದೇ ಇದ್ದದ್ದೇ ಅವನಿಗೆ ಭಾರವಾಯಿತು. ಅವನು ಮಾಬ್ಲನನ್ನು ಹಿಡಿದು ನಿಲ್ಲಿಸಿ ಫೋನಿನ ಕತೆ ಹೇಳಿದ. ಮಾಬ್ಲ ಪೂರ್ತಿ ಕೇಳಿ, "ಇರಬಹುದು ಮಾರಾಯಾ, ಈಗಿನ ಕಾಲದಲ್ಲಿ ಎಂತದೂ ಇರಬಹುದು" ಎಂದ, ಮುಖ ನೋಡದೆ. ಆಮೇಲೆ ಪಾಂಡು ಯಾರಿಗೂ ಹೇಳಲು ಹೋಗಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಯಂತ್ರ ಎತ್ತಿದ್ದು ನಿಜ. ಆದರೆ ಬರುವುದಿಲ್ಲ ಎಂಬ ಮಾತನ್ನು ಅಕ್ಕನ ಮನಸ್ಸಿನಲ್ಲಿ ಮೊದಲು ಇಟ್ಟವನು ಅವನೇ. ಆರು ಕಿಲೋಮೀಟರ್ ದೂರಕ್ಕೆ ಹತ್ತು ದಿನ ಹೋಗದೆ ಕೂತವನೂ ಅವನೇ. ಅದಕ್ಕೆ ಯಾವ ಯಂತ್ರವೂ ಅವನ ಕೈ ಹಿಡಿದಿರಲಿಲ್ಲ.

ಹನ್ನೆರಡನೆಯ ದಿನದ ಊಟ ಮುಗಿದು, ನೆಂಟರು ಹೊರಟು, ದೇವಿ ಪಾತ್ರೆ ತೊಳೆದು ಹಾಕುತ್ತಿದ್ದಳು. ಪಾಂಡು ಜಗುಲಿಯಲ್ಲಿ ಒಬ್ಬನೇ ಕೂತಿದ್ದ. ಪಕ್ಕದಲ್ಲಿದ್ದ ಫೋನು, ಯಾರೂ ಕೇಳದಿದ್ದರೂ, ಬೆಳಗಿತು. "ಜಾಗ ತುಂಬುತ್ತಿದೆ. ಸಹಾಯಕಿ ಉಳಿಸಿದ ಒಂದು ಅನಗತ್ಯ ಧ್ವನಿಮುದ್ರಣವನ್ನು ಅಳಿಸಲೇ?" ಎಂದು ಬರೆದಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ದಿನಾಂಕ. ಅಕ್ಕ ಆಸ್ಪತ್ರೆ ಸೇರುವ ಹಿಂದಿನ ದಿನದ್ದು. ಅದರ ಕೆಳಗೆ: "ಸಾರಾಂಶ: ಬಳಚು ಮಾರಾಟದ ಕರೆ. ಮಹತ್ವ: ಕಡಿಮೆ."

ಪಾಂಡು ಮಗಳನ್ನು ಕರೆದ. ಅಂಕಿತಾ ಒತ್ತಿದಳು.

ಮೊದಲು ಆ ಹುಡುಗಿಯ ನಯವಾದ ಧ್ವನಿ ಬಂತು. "ನಮಸ್ಕಾರ. ಪಾಂಡು ಅವರ ಪರವಾಗಿ ಮಾತನಾಡುತ್ತಿದ್ದೇನೆ. ತಾವು ಯಾರು, ಕರೆಯ ಕಾರಣವೇನು ಎಂದು ತಿಳಿಸಿ." ಅದು ಮುಗಿಯುವ ಮೊದಲೇ, ಅದರ ಮೇಲೆಯೇ, ಕಿವಿ ಕೇಳದವರು ಮಾತಾಡುವ ಎತ್ತರದ ದನಿಯಲ್ಲಿ ಅಕ್ಕ ಮಾತಾಡತೊಡಗಿದ್ದಳು. ಹನ್ನೆರಡು ವರ್ಷದಲ್ಲಿ ಅವಳು ಫೋನಿನೊಳಗೆ ಆಡಿದ ಮೊದಲ ಮಾತು.

"ಪಾಂಡೂ... ಎತ್ತಿದ್ಯಾ? ತಡಿ, ಕಟ್ ಮಾಡಬೇಡ. ನೀ ಮಾತಾಡೂದು ನಂಗೆ ಕೇಳೂದಿಲ್ಲ. ನಾ ಹೇಳೂದು ನಿಂಗೆ ಕೇಳ್ತದಲ್ಲ, ಸಾಕು. ನೀ ಹೇಳಿದ್ದೇ ಸರಿ ಇತ್ತು ತಮ್ಮಾ. ಇನ್ನು ಹೊಳೆಗೆ ಇಳಿಯೂದಿಲ್ಲ. ಚೀಲ ತಕಂಡು ಹೋಗೂಕೆ ಕರೀತಿಲ್ಲ, ಚೀಲ ಇಲ್ಲೇ ಇರ್ಲಿ. ಕಾಲು ಕೊಯ್ದದೆ, ನಡೂಕೆ ಆಗ್ತಿಲ್ಲ. ಅಂಕಿತಂಗೆ ಅಂತ ಬಳಚು ಬೇರೆ ತೆಗೆದಿಟ್ಟಿದ್ದೆ, ಅದು ಹಾಳಾತು. ನೀ ಒಂದ್ ಸಲ ಬಾ."

"ಕ್ಷಮಿಸಿ, ಕಾರಣ ಸ್ಪಷ್ಟವಾಗಲಿಲ್ಲ. ಇನ್ನೊಮ್ಮೆ ಹೇಳುವಿರಾ?" ಎಂದಿತು ಧ್ವನಿ.

ಅಕ್ಕ ಸುಮ್ಮನಿದ್ದಳು. ಪರದೆಯ ಮೇಲೆ ಸೆಕೆಂಡುಗಳು ಓಡುವುದನ್ನು ನೋಡುತ್ತಿದ್ದಿರಬೇಕು. ತಮ್ಮ ಈ ಸಲ ಕಟ್ ಮಾಡಲಿಲ್ಲ, ಕೇಳಿಸಿಕೊಳ್ಳುತ್ತಿದ್ದಾನೆ ಎಂದು ತಿಳಿದಿರಬೇಕು. ಆಮೇಲೆ, ಬಹಳ ಮೆಲ್ಲಗೆ, ಅರವತ್ತನಾಲ್ಕು ವರ್ಷದ ಆ ಹೆಂಗಸು "ಕೂ" ಎಂದಳು.

"ಧನ್ಯವಾದಗಳು. ನಿಮ್ಮ ದಿನ ಶುಭವಾಗಲಿ" ಎಂದು ಕರೆ ಕಟ್ಟಾಯಿತು.

ಅಂಕಿತಾ ಬಾಯಿಗೆ ಸೆರಗು ಒತ್ತಿಕೊಂಡಳು. ಪಾಂಡು ಅಳಲಿಲ್ಲ. ಗಂಟಲು ಸರಿ ಮಾಡಿಕೊಂಡು, ಖಾಲಿ ಅಂಗಳಕ್ಕೆ "ಕೂ" ಎಂದ. ಒಳಗೆ ಪಾತ್ರೆಯ ಸದ್ದು ನಿಂತಿತು.

ಅಂಕಿತಾ ಆ ಫೋನು ಮಾರಿ ಹಳೇ ತರದ್ದೊಂದು ತರುತ್ತೇನೆ ಎಂದಳು. ಬೇಡ ಎಂದ ಪಾಂಡು. ಈಗಲೂ ಅದೇ ಇದೆ. ಸಹಾಯಕಿ ಬಂದ್ ಆಗಿದ್ದಾಳೆ. ಆದರೂ ದಿನಕ್ಕೊಂದು ಸಲ, ಹೆಚ್ಚಾಗಿ ಮಧ್ಯಾಹ್ನದ ಹೊತ್ತಿಗೆ, ಅವನು ಮೀನುಪೇಟೆಯಲ್ಲಿ ಗಾಡಿ ನಿಲ್ಲಿಸಿಕೊಂಡಿರುವಾಗ ಜೇಬಿನಲ್ಲಿ ಫೋನು ಒಂದು ಸಲ ಮಿಡಿದು ಸುಮ್ಮನಾಗುತ್ತದೆ. ಆ ಮುದ್ರಣ ಅಳಿಸಲೇ ಎಂದು ಕೇಳುತ್ತದೆ. ಪಾಂಡು ತೆಗೆದು ನೋಡಿ, "ಬೇಡ" ಎಂದು ಒತ್ತಿ, ಮತ್ತೆ ಜೇಬಿಗೆ ಹಾಕಿಕೊಳ್ಳುತ್ತಾನೆ.